ಜಾವಕ ಸಂಖ್ಯೆ ಐವತ್ತೇಳು

ಖಾಲಿ ಅರ್ಜಿ ಕಂಡರೆ ತುಂಬದೆ ಬಿಡುವ ಜಾಯಮಾನ ಟಪಾಲಪ್ಪನದಲ್ಲ. ಮಗಳನ್ನು ಡಿಗ್ರಿಗೆ ಸೇರಿಸಲು ಹೋದ ದಿನ ಕಾಲೇಜಿನ ಕೌಂಟರಿನವರು ಎರಡು ಅರ್ಜಿ ಕೊಟ್ಟರು, ಒಂದು ಹಾಳಾದರೆ ಇನ್ನೊಂದಿರಲಿ ಎಂದು. ಮಗಳು ಒಂದನ್ನು ಚಿತ್ತಿಲ್ಲದೆ ತುಂಬಿ ಮುಗಿಸಿದಳು. ಇನ್ನೊಂದು ಅಪ್ಪನ ಕೈಯಲ್ಲಿ ಉಳಿಯಿತು. ಸಾಲು ಉದ್ದವಿತ್ತು. ಜೇಬಿನಲ್ಲಿ ಪೆನ್ನಿತ್ತು. 'ಅಭ್ಯರ್ಥಿಯ ಹೆಸರು' ಎಂದಿದ್ದ ಕಡೆ ಕೈ ತನ್ನಷ್ಟಕ್ಕೆ ತನ್ನ ಹೆಸರು ಬರೆಯಿತು. ಆಮೇಲೆ ಹುಟ್ಟಿದ ದಿನಾಂಕ, ವಿಳಾಸ, ಕೊನೆಗೆ ಸಹಿ. ಸಹಿ ಮಾಡಿದ ಕಾಗದವನ್ನು ಎಲ್ಲೂ ಸಲ್ಲಿಸದೆ ಮನೆಗೆ ಒಯ್ದದ್ದು ಅವನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇರಲಿಲ್ಲ. ಸಲ್ಲಿಸಿ, ಸ್ವೀಕೃತಿ ಪಡೆದು ಬಂದ.

ಮೂರು ವಾರದ ಮೇಲೆ ಆಯ್ಕೆ ಪಟ್ಟಿ ಬಂತು. ಇಬ್ಬರಿಗೂ ಸೀಟು ಸಿಕ್ಕಿತ್ತು. ಅಪ್ಪನ ಹೆಸರು ಮಗಳ ಹೆಸರಿಗಿಂತ ಮೇಲಿತ್ತು. ಅಕ್ಷರಮಾಲೆಯ ದೆಸೆಯಿಂದ, ಆದರೂ ಮೇಲಿತ್ತು.

"ಇನ್ನು ಯಾರನ್ನಾದ್ರೂ ನೋಡೋಕೆ ಆಸ್ಪತ್ರೆಗೆ ಮಾತ್ರ ಹೋಗ್ಬೇಡಿ ರೀ," ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಮಂಚ ಖಾಲಿ ಇದೆ ಅಂತ ಮಲಗಿಬಿಡ್ತೀರಿ."

ಅವನ ನಿಜವಾದ ಹೆಸರು ಇದ್ದದ್ದು ಅಂಥ ಅರ್ಜಿಗಳಲ್ಲಿ ಮಾತ್ರ. ನೀರು ಸರಬರಾಜು ಇಲಾಖೆಯಲ್ಲಿ ಟಪಾಲು ಗುಮಾಸ್ತನಾಗಿದ್ದ ಅವನನ್ನು ಎಲ್ಲರೂ ಟಪಾಲಪ್ಪ ಎಂದೇ ಕರೆಯುತ್ತಿದ್ದರು. ಇಲಾಖೆಗೆ ಬಂದ ಪತ್ರ ಆವಕದ ಪುಸ್ತಕಕ್ಕೆ, ಹೋಗುವ ಪತ್ರ ಜಾವಕದ ಪುಸ್ತಕಕ್ಕೆ, ಎರಡಕ್ಕೂ ಒಂದೊಂದು ಸಂಖ್ಯೆ, ಒಂದೊಂದು ಮೊಹರು. ಕೆಲಸ ಇಷ್ಟೇ. ಇಷ್ಟು ಕೆಲಸವನ್ನೇ ಅವನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದನೆಂದರೆ, ಹೆಂಡತಿ ತರಕಾರಿಯ ಚೀಟಿ ಕೊಟ್ಟರೂ ಮೂಲೆಯಲ್ಲಿ ಸಂಖ್ಯೆ ಹಾಕಿಯೇ ಜೇಬಿಗಿಡುತ್ತಿದ್ದ.

ಮಗಳು ಒಂದು ದಿನ ಪೂರ್ತಿ ಮಾತಾಡಲಿಲ್ಲ. ಎರಡನೇ ದಿನ ಮೂರು ಷರತ್ತು ಹಾಕಿದಳು.

"ಒಂದು, ಕಾಲೇಜಲ್ಲಿ ನೀನು ನನ್ನ ಅಪ್ಪ ಅಲ್ಲ."

"ಆಯ್ತು."

"ಎರಡು, ಲಾಸ್ಟ್ ಬೆಂಚಲ್ಲಿ ಕೂತ್ಕೋಬೇಕು. ಬಸ್ಸಲ್ಲಿ ಒಂದು ಸ್ಟಾಪ್ ಮುಂಚೆನೇ ಇಳೀಬೇಕು."

"ಆಯ್ತು. ನಡೆದ್ರೆ ಆರೋಗ್ಯಕ್ಕೂ ಒಳ್ಳೇದು."

"ಮೂರು, ಕ್ಲಾಸಲ್ಲಿ ಎದ್ದು ನಿಂತು ಪ್ರಶ್ನೆ ಕೇಳ್ಬಾರ್ದು. ಏನೇ ಡೌಟ್ ಇದ್ರೂ ಮನೇಲಿ ಕೇಳು, ನಾನು ಹೇಳಿಕೊಡ್ತೀನಿ."

"ಇದನ್ನೆಲ್ಲ ಬರಹದಲ್ಲಿ ಕೊಡ್ತೀಯಾ, ಪುಟ್ಟಿ?"

"ಅಪ್ಪಾ!"

ಅದು ಬೆಳಗಿನ ಕಾಲೇಜು. ಏಳಕ್ಕೆ ಶುರು, ಒಂಬತ್ತೂವರೆಗೆ ಮುಕ್ತಾಯ. ಹತ್ತಕ್ಕೆ ಟಪಾಲಪ್ಪ ಇಲಾಖೆಯಲ್ಲಿ, ಮಗಳು ಗ್ರಂಥಾಲಯದಲ್ಲಿ. ವಾರದೊಳಗೆ ಮಗಳು ಕ್ಲಾಸ್ ರೆಪ್ ಆದಳು. ಅವನು ಇಡೀ ತರಗತಿಗೆ 'ಅಂಕಲ್' ಆದ. ಹಾಜರಿ ಪುಸ್ತಕ ಹಿಡಿದು ಲಾಸ್ಟ್ ಬೆಂಚಿಗೆ ಬಂದಾಗ ಅವಳೂ ಮುಖದ ಒಂದು ಗೆರೆ ಅಲ್ಲಾಡಿಸದೆ, "ಅಂಕಲ್, ಇಲ್ಲಿ ಸೈನ್ ಮಾಡಿ," ಎನ್ನುತ್ತಿದ್ದಳು. ಅವನೂ ಅಷ್ಟೇ ಗಂಭೀರವಾಗಿ, "ಸರಿ ತಾಯಿ," ಎಂದು ಸಹಿ ಮಾಡುತ್ತಿದ್ದ. ಆ ಮನೆತನದಲ್ಲಿ ಅಭಿನಯ ಇಷ್ಟೊಂದಿದೆಯೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಎಲ್ಲ ವಿಷಯವೂ ಹೇಗೋ ನಡೆಯಿತು, ಸಂಖ್ಯಾಶಾಸ್ತ್ರವೊಂದನ್ನು ಬಿಟ್ಟು. ಜೀವಮಾನವೆಲ್ಲ ಸಂಖ್ಯೆ ಹಾಕಿದವನಿಗೆ ಸಂಖ್ಯಾಶಾಸ್ತ್ರ ಅರ್ಥವಾಗಲಿಲ್ಲ. ಸರಾಸರಿಯವರೆಗೆ ಬಂದ. ಅಂಕಿಗಳು ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತವೆಂದು ಹೇಳುವ ಪ್ರಮಾಣ ವಿಚಲನೆಯಲ್ಲಿ ನಿಂತುಬಿಟ್ಟ. ಮಗಳು ಅಡುಗೆಮನೆಯಲ್ಲಿ ಹೇಳಿಕೊಟ್ಟಳು. ಅವನು ತಲೆಯಾಡಿಸಿದ. ಮಾರನೇ ದಿನ ಮತ್ತೆ ಕೇಳಿದ.

"ನಿನ್ನೆ ಹೇಳಿದ್ನಲ್ಲಪ್ಪಾ! ಅರ್ಥ ಆಯ್ತು ಅಂದೆ?"

"ಆಯ್ತು. ಸುಮ್ನೆ ಇನ್ನೊಂದ್ಸಲ."

ಇನ್ನೊಂದು ಸಲ ಅವಳು ಹೇಳಿದ್ದು ಮೇಲಿನ ಮನೆಯವರಿಗೂ ಕೇಳಿಸಿತು. ಅವರು ಕೆಳಗಿಳಿದು ಬಂದು, "ಏನಾದ್ರೂ ತೊಂದರೆನಾ?" ಎಂದು ವಿಚಾರಿಸಿದರು. ಟಪಾಲಪ್ಪ ಮತ್ತೆ ತಲೆಯಾಡಿಸಿದ. ಆಮೇಲೆ ಕೇಳಲಿಲ್ಲ.

ಲಾಸ್ಟ್ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಹುಡುಗನ ಅಡ್ಡಹೆಸರು ಹೆಡ್‌ಫೋನ್. ಅವನ ಕಿವಿಯನ್ನು ಕಂಡವರು ತರಗತಿಯಲ್ಲಿ ಯಾರೂ ಇರಲಿಲ್ಲ, ಅಷ್ಟು ಶಾಶ್ವತವಾಗಿ ಅದನ್ನು ಹಾಕಿಕೊಂಡಿರುತ್ತಿದ್ದ. ಅವನೇ ಟಪಾಲಪ್ಪನ ಫೋನಿಗೆ ಎಐ ಹಾಕಿಕೊಟ್ಟ.

"ಇದು ಬಾಟ್, ಅಂಕಲ್. ಏನು ಬೇಕಾದ್ರೂ ಕೇಳಿ. ಎಷ್ಟು ಸಲ ಕೇಳಿದ್ರೂ ರೇಗಲ್ಲ."

"ಎಷ್ಟು ಸಲ ಕೇಳಿದ್ರೂ?"

"ನೂರು ಸಲ ಕೇಳಿ. ನಾನು ಬೈದೇ ಕೇಳೋದು. ಆದ್ರೂ 'ಒಳ್ಳೆಯ ಪ್ರಶ್ನೆ' ಅನ್ನುತ್ತೆ."

ತರಗತಿಯಲ್ಲಿ ಒಬ್ಬೊಬ್ಬರಿಗೂ ಅದರ ಜೊತೆ ಒಂದೊಂದು ಬಗೆಯ ಸಂಬಂಧವಿತ್ತು. ಹೆಡ್‌ಫೋನ್ ಅದನ್ನು 'ಮಗಾ' ಎನ್ನುತ್ತಿದ್ದ. ಮಗಾ ಬರೆದದ್ದನ್ನು ಓದದೆಯೇ ಸಲ್ಲಿಸುತ್ತಿದ್ದ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಅದರೊಂದಿಗೆ ಜಗಳವಾಡಿ ಮೂರು ದಿನ ಮಾತು ಬಿಟ್ಟಿದ್ದಳು. ಕ್ಲಾಸ್ ರೆಪ್, ಅಂದರೆ ಮಗಳು, ತಾನು ಮೊದಲು ಉತ್ತರ ಬರೆದು, ತಪ್ಪು ಹುಡುಕು ಎಂದು ಅದಕ್ಕೆ ಸವಾಲು ಹಾಕುತ್ತಿದ್ದಳು. ಅದು ತಪ್ಪು ಹುಡುಕಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಟಪಾಲಪ್ಪನಿಗೆ ಗೊತ್ತಿದ್ದದ್ದು ಒಂದೇ ಬಗೆ. ಹೊಸದೊಂದು ನೋಟ್‌ಬುಕ್ಕಿಗೆ 'ಜಾವಕ' ಎಂದು ಹೆಸರು ಬರೆದ. ಇನ್ನೊಂದಕ್ಕೆ 'ಆವಕ'. ಜಾವಕದಲ್ಲಿ 'ಯಾರಿಗೆ, ಯಾವ ಶಾಖೆ' ಎಂಬ ಅಂಕಣ ಇರಲೇಬೇಕು. ಅಂಕಣ ಖಾಲಿ ಬಿಡುವಂತಿಲ್ಲ. ಆ ಬಾಟು ತನ್ನನ್ನು ತಾನು ಸಹಾಯಕ ಎಂದು ಪರಿಚಯಿಸಿಕೊಂಡಿತ್ತು. ಶಾಖೆಯ ಹೆಸರನ್ನು ಅವನೇ ಯೋಚಿಸಿ ಇಟ್ಟ.

*ಜಾವಕ ಸಂಖ್ಯೆ 1. ಇವರಿಗೆ: ಮಾನ್ಯ ಸಹಾಯಕರು, ಸಂದೇಹ ನಿವಾರಣಾ ಶಾಖೆ. ವಿಷಯ: ಸರಾಸರಿಯ ಬಗ್ಗೆ ಮಾಹಿತಿ ಕೋರಿ. ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...*

ಎರಡು ಸೆಕೆಂಡಿನಲ್ಲಿ ಉತ್ತರ ಬಂತು. "ಮಾನ್ಯರೇ, ತಮ್ಮ ಪತ್ರ ಸಂಖ್ಯೆ 1 ತಲುಪಿದೆ," ಎಂದೇ ಅದು ಆರಂಭವಾಗಿತ್ತು. ಟಪಾಲಪ್ಪನ ಕಣ್ಣು ತೇವವಾಯಿತು. ಇಪ್ಪತ್ತಾರು ವರ್ಷದಲ್ಲಿ ಅವನು ರವಾನಿಸಿದ ಲಕ್ಷಾಂತರ ಪತ್ರಗಳಲ್ಲಿ, ತಲುಪಿದೆ ಎಂದು ತಾನಾಗಿ ತಿಳಿಸಿದ ಮೊದಲ ಕಚೇರಿ ಅದು.

ಫೋನಿನಲ್ಲಿರುವುದು ಕಾಗದವಲ್ಲ, ಕಾಗದವಲ್ಲದ್ದು ಕಡತಕ್ಕೆ ಸೇರುವುದಿಲ್ಲ. ಹಾಗಾಗಿ ಪ್ರತಿ ಉತ್ತರವನ್ನೂ ಬಿಳಿ ಹಾಳೆಗೆ ನಕಲು ಮಾಡಿ, ಪುಟಸಂಖ್ಯೆ ಹಾಕಿ, ಇಲಾಖೆಯಲ್ಲಿ ಬಿಸಾಡಿದ್ದ ಹಳೆಯ ರಟ್ಟಿನ ಕವರಿನಲ್ಲಿಟ್ಟು ಟೇಪು ಕಟ್ಟಿದ. ಎರಡು ತಿಂಗಳಲ್ಲಿ ಕಡತ ದಿಂಬಿನಷ್ಟು ದಪ್ಪವಾಯಿತು. ಒಮ್ಮೆ ಶಾಖೆಯವರು ನಲವತ್ತು ಅಂಕಿಗಳ ಮೊತ್ತದಲ್ಲಿ ತಪ್ಪಿದರು. ಕೈಯಲ್ಲೇ ಕೂಡಿ ನೋಡಿದ ಟಪಾಲಪ್ಪ, "ತಮ್ಮ ಪತ್ರದ ಮೂರನೇ ಪ್ಯಾರಾ ಪರಿಶೀಲಿಸಿ," ಎಂದು ನೆನಪೋಲೆ ಕಳಿಸಿದ. ಅದು ತಕ್ಷಣ ತಪ್ಪೊಪ್ಪಿಕೊಂಡಿತು. ಅಂಚಿನಲ್ಲಿ ಅವನು ಷರಾ ಬರೆದ: 'ಎರಡು ಸೆಕೆಂಡಿನಲ್ಲಿ ತಪ್ಪೊಪ್ಪಿಕೊಂಡ ಅಧಿಕಾರಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.'

ಈ ನಡುವೆ ಹೆಡ್‌ಫೋನ್ ಒಂದು ಕಾಗದ ತಂದು ಪಿಸುಗುಟ್ಟಿದ. "ಅಂಕಲ್, ಕ್ಲಾಸ್ ರೆಪ್‌ಗೆ ಒಂದು ಲೆಟರ್ ಕೊಡೋಣ ಅಂತಿದೀನಿ. ಬಾಟ್ ಹತ್ರ ಬರೆಸಿದೀನಿ. ನೀವು ದೊಡ್ಡವರು, ಒಂದ್ಸಲ ನೋಡಿ."

ಟಪಾಲಪ್ಪ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಮಗಳ ಕಣ್ಣನ್ನು ಸಮುದ್ರಕ್ಕೆ ಹೋಲಿಸಲಾಗಿತ್ತು.

"ಭಾಷೆ ಪರವಾಗಿಲ್ಲ," ಎಂದ. "ಉಲ್ಲೇಖ ಇಲ್ಲ. ಹಿಂದಿನ ಪತ್ರವ್ಯವಹಾರ ಏನೂ ಇಲ್ದೆ ನೇರ ಪ್ರಸ್ತಾವನೆ ಕಳಿಸಿದ್ರೆ ತಿರಸ್ಕಾರ ಆಗುತ್ತಪ್ಪಾ. ಸದ್ಯಕ್ಕೆ ಬಾಕಿ ಇಡು."

"ಎಷ್ಟು ದಿನ ಅಂಕಲ್?"

"ಡಿಗ್ರಿ ಮುಗೀಲಿ."

ಸಂಖ್ಯಾಶಾಸ್ತ್ರದ ಮೇಡಂ ಕಟ್ಟುನಿಟ್ಟಿನವರು. ಟಪಾಲಪ್ಪನಿಗಿಂತ ಹದಿನೈದು ವರ್ಷ ಚಿಕ್ಕವರು; ವಿದ್ಯಾರ್ಥಿಯೆಂದು 'ನೀನು' ಎನ್ನಲಾರದೆ, ಹಿರಿಯನೆಂದು 'ಸರ್' ಎನ್ನಲಾರದೆ, ಅವನನ್ನು 'ಇವರೇ' ಎಂದು ಕರೆಯುತ್ತಿದ್ದರು. ಸೆಮಿಸ್ಟರಿನ ಆರಂಭದಲ್ಲೇ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ನಿಮ್ಮ ಬದುಕಿನಲ್ಲಿ ಏನಾದರೂ ಒಂದನ್ನು ನಲವತ್ತು ಸಲ ಅಳೆಯಿರಿ. ಸರಾಸರಿ, ಪ್ರಮಾಣ ವಿಚಲನೆ ಕಂಡುಹಿಡಿಯಿರಿ. ಹಾಗೆಂದರೇನೆಂದು ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ.

"ಎಐ ಬಳಸಬೇಡಿ ಅಂತ ಹೇಳಲ್ಲ. ಹೇಳಿದ್ರೆ ಕೇಳಲ್ಲ ನೀವು. ಬಳಸಿದ್ರೆ ಅದರ ಜೊತೆ ಆಡಿದ ಮಾತೆಲ್ಲ ಲಗತ್ತಿಸಿ. ಬಳಸದಿದ್ರೆ 'ಬಳಸಿಲ್ಲ' ಅಂತ ಬರೆದು ಸಹಿ ಹಾಕಿ. ಬೇರೆಯವರ ಹತ್ರ ಬರೆಸಿದ್ದು ಗೊತ್ತಾದ್ರೆ ಹೆಸರು ಹೊಡೆದುಹಾಕಿಸ್ತೀನಿ."

ಅರವತ್ತೆರಡು ವಿದ್ಯಾರ್ಥಿಗಳಲ್ಲಿ ಅರವತ್ತೊಂದು ಮಂದಿ 'ಬಳಸಿಲ್ಲ' ಎಂದು ಬರೆದರು. ಅವರಲ್ಲಿ ಒಂಬತ್ತು ಮಂದಿಯ ಕೊನೆಯ ಪ್ಯಾರಾ ಅಕ್ಷರಶಃ ಒಂದೇ ಆಗಿತ್ತು. ಹೆಡ್‌ಫೋನ್ ನೆರೆಹೊರೆಯ ನಲವತ್ತು ಜನರ ಎತ್ತರ ಅಳೆದಿದ್ದ. ಅವರಲ್ಲೊಬ್ಬರು ಒಂಬತ್ತು ಅಡಿ ಇದ್ದರು. ಕ್ಲಾಸ್ ರೆಪ್ ಕೂಡ, ಎಲ್ಲರೂ ಹೀಗೇ ಬರೆಯುತ್ತಿದ್ದಾರಲ್ಲ ಎಂದು, 'ಬಳಸಿಲ್ಲ' ಎಂದೇ ಸಹಿ ಹಾಕಿದಳು.

ಅರವತ್ತೆರಡನೆಯವನು ದಿಂಬಿನಂಥ ಕಡತ ಲಗತ್ತಿಸಿದ.

ಹಾಗೆ ಲಗತ್ತಿಸುವ ಮುನ್ನ ಅವನು ಒಂದು ಸಂಜೆಯೆಲ್ಲ ಒದ್ದಾಡಿದ್ದ. ಕಾರಣ ಜಾವಕ ಸಂಖ್ಯೆ ಐವತ್ತೇಳು. ಆ ಪತ್ರದಲ್ಲಿ ಮಗಳ ವಿಚಾರ ಬರೆದಿದ್ದ. ಜಗತ್ತಿನಲ್ಲಿ ಯಾರು ಬೇಕಾದರೂ ಓದಲಿ, ಅವಳು ಓದಬಾರದು. ಹಾಳೆ ಕಿತ್ತುಬಿಟ್ಟರೆ ಮುಗಿಯಿತು. ಆದರೆ ಪುಟಸಂಖ್ಯೆ ಹಾಕಿದ ಕಡತದಿಂದ ಹಾಳೆ ಕೀಳುವುದು ಅವನ ಮಟ್ಟಿಗೆ ಹಲ್ಲು ಕೀಳುವುದಕ್ಕಿಂತ ಕಷ್ಟ. ಕೊನೆಗೆ ಆ ಪತ್ರಕ್ಕೊಂದು ಕೆಂಪು ಚೀಟಿ ಅಂಟಿಸಿ 'ಗೌಪ್ಯ' ಎಂದು ದಪ್ಪ ಅಕ್ಷರದಲ್ಲಿ ಬರೆದ. ಗುಟ್ಟು ಕಾಪಾಡಲು ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲವೆಂಬುದು ಸರ್ಕಾರಿ ನೌಕರನಿಗೆ ಹೊಳೆಯುವಂಥದ್ದಲ್ಲ.

ಮೇಡಂ ಕಡತ ಬಿಚ್ಚಿದರು. ಕವರಿನ ಮೇಲೆ ನೀರು ಸರಬರಾಜು ಇಲಾಖೆಯ ಹೆಸರು. ಒಳಗೆ 'ಸಂದೇಹ ನಿವಾರಣಾ ಶಾಖೆ'ಯ ಸಹಾಯಕರೊಬ್ಬರು ಬರೆದ ಉದ್ದುದ್ದ ಪತ್ರಗಳು, ಎಲ್ಲವೂ ಕೈಬರಹದಲ್ಲಿ. ನಡುವೆ ಕೆಂಪು ಚೀಟಿ: ಗೌಪ್ಯ. ಅವರು ಮುಂದೆ ಓದಲಿಲ್ಲ. ಒಂದು ಸರ್ಕಾರಿ ಇಲಾಖೆ ತನ್ನ ಗುಮಾಸ್ತನ ಹೋಮ್‌ವರ್ಕ್ ಮಾಡಿಕೊಡುತ್ತಿದೆ! ಅಂದೇ ಇಲಾಖೆಗೆ ಪತ್ರ ಬರೆದರು.

ಇಲಾಖೆಗೆ ಬಂದ ಪತ್ರವನ್ನು ಬಿಚ್ಚುವವನು ಯಾರು? ಟಪಾಲಪ್ಪನೇ. ಓದಿದ. ಆ ಇಲಾಖೆಯಲ್ಲಿ ವರ್ಷಕ್ಕೆ ನೂರಾರು ಪತ್ರಗಳು ಕಾಣೆಯಾಗುತ್ತವೆ. ಇದನ್ನೂ ಅವುಗಳ ಜೊತೆ ಸೇರಿಸಿದ್ದರೆ ಕೇಳುವವರಿರಲಿಲ್ಲ. ಅವನು ಮಾತ್ರ ಮೊಹರು ಒತ್ತಿ, 'ಆವಕ 1143' ಎಂದು ನಮೂದಿಸಿ, ತನ್ನ ವಿರುದ್ಧದ ದೂರನ್ನು ತಾನೇ ಒಯ್ದು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟ.

ಸೂಪರಿಂಟೆಂಡೆಂಟರು ಎರಡು ಸಲ ಓದಿದರು. ದೂರು ಅವರಿಗೆ ಕಾಣಲಿಲ್ಲ. ಕಂಡದ್ದು ಶಾಖೆ.

"ಏನ್ರೀ ಇದು? ನಮ್ಮಲ್ಲಿ ಸಂದೇಹ ನಿವಾರಣಾ ಶಾಖೆ ಅಂತ ಒಂದು ಯಾವಾಗ ಶುರುವಾಯ್ತು? ನನಗೆ ಯಾಕೆ ಹೇಳಿಲ್ಲ?"

ಕೋಣೆಯಲ್ಲಿ ಆರು ಜನರಿದ್ದರು. ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

"ಮೂರನೇ ಮಹಡೀಲಿ ಏನೋ ಪೇಂಟಿಂಗ್ ನಡೀತಿತ್ತು ಸಾರ್," ಎಂದರು ಟೈಪಿಸ್ಟು.

"ಟಪಾಲಪ್ಪ, ನಿಮಗೆ ಗೊತ್ತಾ ಈ ಶಾಖೆ?"

"ಗೊತ್ತು ಸಾರ್. ನಾನೇ ಪತ್ರ ಬರೆದಿದೀನಿ. ಅದು ಏನಂದ್ರೆ ಸಾರ್, ಫೋನಲ್ಲಿ..."

"ಫೋನಲ್ಲೂ ಸಿಗ್ತಾರಾ? ಎಷ್ಟು ದಿನಕ್ಕೆ ಉತ್ತರ ಕೊಡ್ತಾರೆ?"

"ಎರಡು ಸೆಕೆಂಡು ಸಾರ್."



"ಹಾಗಾದ್ರೆ ನಮ್ಮ ಇಲಾಖೇದಲ್ಲ," ಎಂದಿತು ಹಿಂದಿನಿಂದ ಒಂದು ದನಿ.

"ಸುಮ್ನಿರ್ರೀ!" ಸೂಪರಿಂಟೆಂಡೆಂಟರು ಮೇಜು ಕುಟ್ಟಿದರು. "ಮೇಲಿನವರು ಏನೋ ಹೊಸದು ಮಾಡಿದಾರೆ. ನಮಗೆ ಗೊತ್ತಿಲ್ಲ ಅಂತ ಹೊರಗಡೆಯವರಿಗೆ ಬರೆದು ಕೊಡೋಕಾಗುತ್ತಾ?"

ಟಪಾಲಪ್ಪ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಯಾರೋ ಅವನಿಗಿಂತ ಮೊದಲು ಮಾತಾಡಿದರು. ಮಧ್ಯಾಹ್ನದೊಳಗೆ ಇಬ್ಬರು ಗುಮಾಸ್ತರು ಆ ಶಾಖೆಗೆ ವರ್ಗ ಕೋರಿ ಅರ್ಜಿ ಕೊಟ್ಟಿದ್ದರು; ಅದನ್ನೂ ಅವನೇ ನಮೂದಿಸಬೇಕಾಯಿತು. ಸಂಜೆ ಕಾಲೇಜಿಗೆ ಉತ್ತರ ಹೋಯಿತು: 'ಸದರಿ ಶಾಖೆಯು ಅಸ್ತಿತ್ವದಲ್ಲಿದ್ದು, ಅದರ ಕಾರ್ಯವೈಖರಿ ತೃಪ್ತಿಕರವಾಗಿರುತ್ತದೆ. ಖುದ್ದಾಗಿ ಬಂದು ವಿವರಿಸಲಾಗುವುದು.'

ಮನೆಯಲ್ಲಿ ಹೆಂಡತಿ ಪೂರ್ತಿ ಕಥೆ ಕೇಳಿ ಸೂಜಿಯನ್ನು ದಿಂಬಿಗೆ ಚುಚ್ಚಿದಳು. "ಕಾಲೇಜಿಂದ ತೆಗೆದ್ರೆ ತೆಗೀಲಿ ಬಿಡಿ. ಅದಕ್ಕೆ ಯಾಕೆ ಮುಖ ಹೀಗೆ ಮಾಡ್ಕೊಂಡಿದೀರಿ?"

"ತೆಗೀಲಿ. ಪುಟ್ಟಿ ಆ ಐವತ್ತೇಳನ್ನ ಓದ್ಬಿಟ್ರೆ?"

"ಅಂಥದ್ದೇನು ಬರೆದಿದೀರಿ?"

"ಗೌಪ್ಯ," ಎಂದ ಟಪಾಲಪ್ಪ. ಹೆಂಡತಿ ಮತ್ತೆ ಹೊಲಿಯಲು ಕೂತಳು.

ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿಗಳು ಮೂರು, ಬಂದವರು ಐವರು. ಮೇಡಂ ಕಡತ ಹಿಡಿದು ಕೂತಿದ್ದರು. ಸೂಪರಿಂಟೆಂಡೆಂಟರು ಇಲ್ಲದ ಶಾಖೆಯನ್ನು ಸಮರ್ಥಿಸಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಟಪಾಲಪ್ಪ ನಿಂತಿದ್ದ. ಒಂಬತ್ತು ಅಡಿಯ ನೆರೆಯವನ ಸಲುವಾಗಿ ಹೆಡ್‌ಫೋನನ್ನೂ ಕರೆಸಿದ್ದರು. ಅಸೈನ್‌ಮೆಂಟುಗಳ ಕಟ್ಟು ಹೊತ್ತು ತಂದವಳು ಕ್ಲಾಸ್ ರೆಪ್. ಅವಳು ಟಪಾಲಪ್ಪನ ಕಡೆ ನೋಡಲಿಲ್ಲ. ಮೊದಲ ಷರತ್ತು ಇನ್ನೂ ಜಾರಿಯಲ್ಲಿತ್ತು.

"ನಮ್ಮ ಸಂದೇಹ ನಿವಾರಣಾ ಶಾಖೆ ಬಹಳ ಹಳೇದು," ಎಂದು ಶುರುಮಾಡಿದರು ಸೂಪರಿಂಟೆಂಡೆಂಟರು.

"ಹಳೇದೋ ಹೊಸದೋ, ವಿದ್ಯಾರ್ಥಿಗೆ ಪಾಠ ಹೇಳಿಕೊಡೋದು ನಿಮ್ಮ ಕೆಲಸಾನಾ?" ಮೇಡಂ ಕಡತವನ್ನು ಕ್ಲಾಸ್ ರೆಪ್ ಕೈಗೆ ಕೊಟ್ಟರು. "ಓದಮ್ಮಾ. ಆ ಕೆಂಪು ಚೀಟಿ ಇರೋದನ್ನೇ ಓದು. ಎಲ್ಲರಿಗೂ ಗೊತ್ತಾಗ್ಲಿ."

"ಮೇಡಂ, ಅದೊಂದು ಬೇಡ," ಎಂದ ಟಪಾಲಪ್ಪ. ಕ್ಲಾಸಿನಲ್ಲಿ ಅವನು ಬಾಯಿ ಬಿಟ್ಟದ್ದನ್ನು ಮೇಡಂ ಕಂಡಿರಲಿಲ್ಲ. "ಐವತ್ತಾರು ಓದಿಸಿ. ಐವತ್ತೆಂಟು ಓದಿಸಿ. ನನ್ನ ಹೆಸರು ಹೊಡೆದುಹಾಕಿದ್ರೂ ಸರಿ."

"ಬೇಡ ಅಂದ್ರೆ ಅದರಲ್ಲೇ ಇದೆ. ಓದು!"

ಮಗಳು ಓದಿದಳು, ಹಾಜರಿ ಕೂಗುವ ದನಿಯಲ್ಲಿ.

*"ಜಾವಕ ಸಂಖ್ಯೆ 57. ಇವರಿಗೆ: ಮಾನ್ಯ ಸಹಾಯಕರು, ಸಂದೇಹ ನಿವಾರಣಾ ಶಾಖೆ. ವಿಷಯ: ಪ್ರಮಾಣ ವಿಚಲನೆ ಅರ್ಥವಾಗದಿರುವ ಕುರಿತು. ಉಲ್ಲೇಖ: ಒಂದು, ಮಗಳು ಅಡುಗೆಮನೆಯಲ್ಲಿ ಮೌಖಿಕವಾಗಿ ನೀಡಿದ ವಿವರಣೆ. ಎರಡು, ಅದೇ ವಿವರಣೆ, ಎರಡನೇ ಬಾರಿ, ಜೋರಾಗಿ."*

ದನಿ ಸ್ವಲ್ಪ ಇಳಿಯಿತು.

*"ಮಾನ್ಯರೇ, ಮೇಲ್ಕಂಡ ಎರಡೂ ಸಂದರ್ಭಗಳಲ್ಲಿ ಅರ್ಥವಾಯಿತೆಂದು ನಾನು ತಲೆಯಾಡಿಸಿರುತ್ತೇನೆ. ಅದು ಸುಳ್ಳು. ಮಗಳ ವಿವರಣೆಯಲ್ಲಿ ಯಾವುದೇ ಲೋಪವಿರುವುದಿಲ್ಲ. ಅವಳ ಮುಂದೆ ದಡ್ಡನಾಗಲು ನನ್ನ ಅಭ್ಯಂತರವೂ ಇಲ್ಲ. ಆದರೆ ದಡ್ಡ ಅಪ್ಪನಿಗೆ ಹೇಳಿಕೊಟ್ಟು ಅವಳಿಗೆ ಬೇಜಾರಾಗುವುದನ್ನು ನೋಡಲಾಗುವುದಿಲ್ಲ. ತಾವು ರೇಗುವುದಿಲ್ಲವೆಂದು ತಿಳಿದುಬಂದಿರುವುದರಿಂದ ತಮ್ಮನ್ನು ಕೇಳುತ್ತಿದ್ದೇನೆ. ಈ ವಿಷಯ ಅವಳಿಗೆ ತಿಳಿಸಬಾರದಾಗಿ ಕೋರಿಕೆ."*

ಪ್ರಿನ್ಸಿಪಾಲರು ಕಾಗದಗಳಿಗೆ ಸಹಿ ಮಾಡುತ್ತಿದ್ದ ಪೆನ್ನು ನಿಲ್ಲಿಸಿದರು.

ಹೆಡ್‌ಫೋನ್ ಇಣುಕಿ ಹಾಳೆ ನೋಡಿದ. ಮೊತ್ತಮೊದಲ ಬಾರಿಗೆ ಅವನ ಕಿವಿ ಲೋಕಕ್ಕೆ ಕಂಡಿತು. "ಮೇಡಂ, ಇದು ಮನುಷ್ಯ ಅಲ್ಲ. ಬಾಟ್! ನಾನೇ ಅಂಕಲ್ ಫೋನಿಗೆ ಹಾಕಿಕೊಟ್ಟಿದ್ದು. 'ಒಳ್ಳೆಯ ಪ್ರಶ್ನೆ' ಅಂತ ಎಲ್ಲ ಉತ್ತರದಲ್ಲೂ ಇದೆ ನೋಡಿ!"

"ಬಾಟ್?" ಎಂದರು ಮೇಡಂ.

"ಬಾಟ್?" ಎಂದರು ಸೂಪರಿಂಟೆಂಡೆಂಟರು. "ಅದರ ಮುಖ್ಯಸ್ಥರು ಯಾರು?"

"ಹಾಗಾದ್ರೆ ಈ ನಕಲು ಮಾಡಿದ್ದು..."

"ಸ್ವಂತ ಕೈಯಲ್ಲಿ ಮೇಡಂ," ಎಂದ ಟಪಾಲಪ್ಪ, ನೆಲ ನೋಡುತ್ತ. "ಎಲ್ಲ ಮಾತು ಲಗತ್ತಿಸಿ ಅಂದಿದ್ರಿ."

"ಆದರೂ ಇವರೇ, ಇನ್ನೂರು ಪುಟ! ಇಷ್ಟು ಸಹಾಯ ಪಡೆದ್ರೆ ನಿಮ್ಮದು ಅಂತ ಏನು ಉಳೀತು? ಮಿಕ್ಕವರೆಲ್ಲ ಬಳಸಿಲ್ಲ ಅಂತ..."

"ಮೇಡಂ."

ಮಾತಾಡಿದವಳು ಕ್ಲಾಸ್ ರೆಪ್. ಹಾಳೆ ಹಿಡಿದ ಕೈ ಕೆಳಗಿಳಿದಿತ್ತು.

"ನಾನೂ ಬಳಸಿದೀನಿ. ಬಳಸಿಲ್ಲ ಅಂತ ಸೈನ್ ಮಾಡಿದೆ. ಎಲ್ಲರೂ ಹಾಗೇ ಮಾಡಿದ್ದು. ಈ ಕಟ್ಟಲ್ಲಿ ಸುಳ್ಳು ಬರೀದೆ ಇರೋರು ಇವರೊಬ್ಬರೇ."

"ಏನು ಹೇಳ್ತಿದೀಯ ಗೊತ್ತಾ? ನಿನ್ನ ಮಾರ್ಕ್ಸ್ ಹೋಗುತ್ತೆ. ಇವರಿಗೋಸ್ಕರ ನಿನಗೇನಮ್ಮಾ ಇಷ್ಟು? ಏನಾಗಬೇಕು ಇವರು ನಿನಗೆ?"

ಮಗಳು ಮೂಗು ಒರೆಸಿಕೊಂಡಳು. "ನಮ್ಮಪ್ಪ."

ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಳಿಚಿಕೊಂಡವನು ಹೆಡ್‌ಫೋನ್. "ಅಂಕಲ್," ಎಂದ ಕ್ಷೀಣವಾಗಿ. "ಆ ಬಾಕಿ ಇಟ್ಟಿದ್ದು..."

"ಬಾಕಿಯಲ್ಲೇ ಇರಲಿ," ಎಂದ ಟಪಾಲಪ್ಪ.

ಮೇಡಂ ಕಡತದ ಅಡಿಯಿಂದ ಅಸೈನ್‌ಮೆಂಟನ್ನು ಹುಡುಕಿ ತೆಗೆದರು. ಅದನ್ನು ಅವರಿನ್ನೂ ಓದಿಯೇ ಇರಲಿಲ್ಲ. ಎರಡೇ ಹಾಳೆ. ಓದುತ್ತ ಅವರ ತುಟಿ ಅಲ್ಲಾಡಿತು, ಆಮೇಲೆ ದನಿಯೂ ಬಂತು.

*"ಅಳೆದ ವಿಷಯ: ಮಗಳು ಸಂಜೆ ಗ್ರಂಥಾಲಯದಿಂದ ಮನೆಗೆ ಬಂದ ಸಮಯ, ನಲವತ್ತು ದಿನ."*

"ನನ್ನ ಮೇಲೆ ರಿಜಿಸ್ಟರ್ ಇಟ್ಟಿದೀಯಾ?" ಮಗಳು ಅಪ್ಪನ ಕಡೆ ತಿರುಗಿದಳು.

"ನಿನ್ನ ಮೇಲಲ್ಲ ಪುಟ್ಟಿ. ಗಡಿಯಾರದ ಮೇಲೆ."

*"ಸರಾಸರಿ, ಆರೂ ಹತ್ತು. ಪ್ರಮಾಣ ವಿಚಲನೆ, ಹದಿನೆಂಟು ನಿಮಿಷ. ಸ್ವಂತ ಮಾತಿನಲ್ಲಿ: ಸರಾಸರಿ ಎಂದರೆ ನನ್ನ ಹೆಂಡತಿ ಟೀಗೆ ನೀರಿಡುವ ಹೊತ್ತು. ಪ್ರಮಾಣ ವಿಚಲನೆ ಎಂದರೆ ಆ ಹೊತ್ತಿನ ಹಿಂದೆ ಮುಂದೆ ನಾನು ಕಿಟಕಿ ಬಿಟ್ಟು ಅಲ್ಲಾಡದ ಹೊತ್ತು. ಅದು ಚಿಕ್ಕದಾಗಿದ್ದಷ್ಟೂ ಮನೆ ನೆಮ್ಮದಿಯಾಗಿರುತ್ತದೆ. ಹದಿನೇಳನೇ ದಿನ ಅವಳು ಎಪ್ಪತ್ತೈದು ನಿಮಿಷ ತಡವಾಗಿ ಬಂದಳು. ಒಂದೇ ಒಂದು ದಿನ ಇಡೀ ಲೆಕ್ಕವನ್ನು ಎಷ್ಟು ಅಲ್ಲಾಡಿಸುತ್ತದೆಂಬುದು ಪುಸ್ತಕ ನೋಡುವ ಮೊದಲೇ ನನಗೆ ಗೊತ್ತಾಯಿತು."*

ಮೇಡಂ ಹಾಳೆ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಇದನ್ನು ಶಾಖೆ ಬರೆದುಕೊಟ್ಟಿದ್ದಾ?"

"ಇಲ್ಲ ಮೇಡಂ. ಅವರದ್ದು ಬೇರೆ ಥರ ಇತ್ತು. ಚೆನ್ನಾಗೇ ಇತ್ತು. ಆದ್ರೆ ಅವರ ಮನೇಲಿ ಯಾರೂ ತಡವಾಗಿ ಬರಲ್ವಲ್ಲ."

ಮರುದಿನ ಅರವತ್ತೊಂದು ಮಂದಿಗೆ ಅಸೈನ್‌ಮೆಂಟ್ ವಾಪಸ್ಸು ಬಂತು, ಮೊದಲಿಂದ ಬರೆಯಿರಿ ಎಂದು. ತರಗತಿ ಟಪಾಲಪ್ಪನನ್ನು ಒಂದು ವಾರ ಬೈಯಿತು. ಹೆಡ್‌ಫೋನ್ ಮುಂದಿನ ಬೆಂಚಿಗೆ ಜಾಗ ಬದಲಿಸಿ, ನಿಜವಾದ ನೆರೆಹೊರೆಯವರನ್ನು ಅಳೆಯಲು ಟೇಪು ಹಿಡಿದು ಹೊರಟ. ಸೂಪರಿಂಟೆಂಡೆಂಟರು ಆ ಶಾಖೆಗೆ ವರ್ಗ ಕೋರಿ ಬಂದಿದ್ದ ಅರ್ಜಿಗಳನ್ನು ತಿರಸ್ಕರಿಸಲಿಲ್ಲ. ಇಂದಿಗೂ ಅವು ಪರಿಶೀಲನೆಯಲ್ಲಿವೆ.

ಅಪ್ಪ ಮಗಳು ಈಗ ಒಂದೇ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಆ ಪತ್ರದ ಬಗ್ಗೆ ಮಾತ್ರ ಇಬ್ಬರೂ ಮಾತೆತ್ತಲಿಲ್ಲ. ನಾಲ್ಕನೇ ದಿನ ಟಪಾಲಪ್ಪನ ಆವಕದ ಪುಸ್ತಕದ ಮೇಲೆ ಒಂದು ಲಕೋಟೆ ಇತ್ತು.

*ಸಂಖ್ಯೆ 1. ಇವರಿಗೆ: ಅಪ್ಪ, ಕಿಟಕಿ ಶಾಖೆ. ವಿಷಯ: ಬೇಜಾರಿನ ಕುರಿತು. ಉಲ್ಲೇಖ: ತಮ್ಮ ಜಾವಕ ಸಂಖ್ಯೆ 57 (ಬೇರೆಯವರಿಗೆ ಬರೆದದ್ದು). ಸದರಿ ಪತ್ರವು ತಪ್ಪು ವಿಳಾಸಕ್ಕೆ ಹೋಗಿರುತ್ತದೆ. ಇನ್ನು ಮುಂದೆ ಸಂದೇಹಗಳನ್ನು ಮೊದಲು ಅಡುಗೆಮನೆಗೆ ಸಲ್ಲಿಸತಕ್ಕದ್ದು. ಈ ಶಾಖೆಯಲ್ಲಿ ಎರಡು ಸೆಕೆಂಡಿನಲ್ಲಿ ಉತ್ತರ ಸಿಗುವುದಿಲ್ಲ. ರೇಗುವುದೂ ಉಂಟು. ಬೇಜಾರು ಮಾತ್ರ ಇರುವುದಿಲ್ಲ.*

ಟಪಾಲಪ್ಪ ಮೂರು ಸಲ ಓದಿದ. ನಾಲ್ಕನೇ ಸಲ ಓದುವಾಗ ದಿನಾಂಕ ಹಾಕಿಲ್ಲವೆಂಬುದು ಕಣ್ಣಿಗೆ ಬಿತ್ತು. ದಿನಾಂಕವಿಲ್ಲದ ಪತ್ರವನ್ನು ವಾಪಸ್ಸು ಕಳಿಸುವುದು ನಿಯಮ. ಜೀವನದಲ್ಲಿ ಮೊದಲ ಬಾರಿಗೆ ನಿಯಮ ಮೀರಿ ಮೊಹರು ಒತ್ತಿದ. ಪುಸ್ತಕ ಹಿಡಿದು ಅಡುಗೆಮನೆಗೆ ಹೋದ.

"ಪುಟ್ಟಿ, ಈ ಸಹಸಂಬಂಧ ಅಂದ್ರೆ ಏನು?"

"ನಿನ್ನೆ ಮೇಡಂ ಅಷ್ಟೊತ್ತು ಹೇಳಿದ್ರಲ್ಲಪ್ಪಾ! ತಲೆಯಾಡಿಸ್ತಿದ್ದೆ?"

ಹೊಲಿಗೆ ಯಂತ್ರ ನಿಂತಿತು.

"ಅರ್ಥ ಆಗ್ಲಿಲ್ಲ," ಎಂದ ಟಪಾಲಪ್ಪ.

ಮಗಳು ದೊಡ್ಡದಾಗಿ ಉಸಿರೆಳೆದುಕೊಂಡಳು. ಕಾಲಿನಿಂದ ಇನ್ನೊಂದು ಸ್ಟೂಲನ್ನು ತನ್ನ ಪಕ್ಕಕ್ಕೆ ಎಳೆದಳು. "ಕೂತ್ಕೋ ಇಲ್ಲಿ."

ಸ್ವಲ್ಪ ಹೊತ್ತಿಗೆ ಮೇಲಿನ ಮನೆಯವರು ಕೆಳಗಿಳಿದು ಬಂದು, ಏನಾದ್ರೂ ತೊಂದರೆನಾ ಎಂದು ಕೇಳಿದರು. ಹೆಂಡತಿ ಬಾಗಿಲಲ್ಲೇ ನಿಂತು, ಏನಿಲ್ಲ, ಪಾಠ ನಡೀತಿದೆ ಎಂದು ಹೇಳಿ ಕಳಿಸಿದಳು.

ಅವತ್ತಿನ ಆವಕದ ಪುಸ್ತಕದಲ್ಲಿ, 'ಕೈಗೊಂಡ ಕ್ರಮ' ಎಂಬ ಅಂಕಣದಲ್ಲಿ, ಟಪಾಲಪ್ಪ ದುಂಡಗೆ ಬರೆದ: 'ವಿವರಣೆ ಪಡೆಯಲಾಯಿತು. ಜೋರಾಗಿಯೇ. ಆದರೆ ಪಕ್ಕದಲ್ಲಿ ಕೂತು.'